ಮುದ್ದೆ ನುಂಗುವ ಹಾಗಿಲ್ಲ

ಬೊಜ್ಜಿನ ಆಪರೇಷನ್ ಮಾಡುವ ಸರ್ಜನ್ ನಾನು. ಜಾಸ್ತಿ ಮಾಡುವುದು ಸ್ಲೀವ್. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು, ಒಂದು ಕ್ಯಾಮೆರಾ. ಬಾಯಿಂದ ಬೆರಳು ದಪ್ಪದ ಕೊಳವೆ ಇಳಿಸಿ, ಅದರ ಪಕ್ಕಕ್ಕೇ ಸ್ಟೇಪ್ಲರ್ ಹೊಡೆಯುತ್ತಾ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತೇವೆ. ಬಾಳೆಹಣ್ಣಿನಂಥ ಸಪೂರ ಚೀಲವಷ್ಟೇ ಉಳಿಯುತ್ತದೆ.

"ತೂತು ಸಣ್ಣದಲ್ವಾ ಡಾಕ್ಟ್ರೇ, ಏನೂ ಆಗಲ್ಲ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸಣ್ಣದು ಚರ್ಮಕ್ಕೆ ಮಾತ್ರ. ಒಳಗಿನ ಸ್ಟೇಪಲ್ ಸಾಲು ಗೇಣುದ್ದ ಇರುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಅಲ್ಲಿ ಸೋರಬಹುದು.

ನನ್ನ ಮೊದಮೊದಲ ವರ್ಷಗಳಲ್ಲಿ ಒಬ್ಬರಿಗೆ ಹಾಗಾಯಿತು. ಮೂರನೇ ದಿನ ರಾತ್ರಿ ನರ್ಸ್ ಫೋನ್ ಮಾಡಿ, "ಸಾರ್, ಪಲ್ಸ್ 126" ಅಂದರು. ಹೋಗಿ ನೋಡಿದೆ. ಜ್ವರ ಇಲ್ಲ, ಹೊಟ್ಟೆ ಮೆತ್ತಗಿದೆ. ದಪ್ಪ ಹೊಟ್ಟೆ ಒಳಗಿನ ಸುದ್ದಿ ಬೇಗ ಬಿಟ್ಟುಕೊಡುವುದಿಲ್ಲ. ನೋವಿಗೆ ಏರಿರಬೇಕು ಅಂದುಕೊಂಡು ಬೆಳಗಿನವರೆಗೆ ಕಾದೆ. ತಪ್ಪು ನನ್ನದೇ. ಸಿಟಿ ಸ್ಕ್ಯಾನಿನಲ್ಲಿ ಮೇಲ್ತುದಿಯಲ್ಲಿ, ಅನ್ನನಾಳ ಸೇರುವ ಕಡೆ, ಸೋರಿಕೆ ಕಂಡಿತು. ಮತ್ತೆ ಒಳಗೆ ಹೋಗಿ ತೊಳೆದು, ಸೋರಿದ್ದು ಹೊರಗೆ ಹರಿಯಲು ಡ್ರೇನ್ ಕೊಳವೆ ಇಟ್ಟೆವು, ಆಮೇಲೆ ಸೋರುವ ಜಾಗ ಒಳಗಿನಿಂದ ಮುಚ್ಚಲು ಸ್ಟೆಂಟ್ ಕೊಳವೆ. ಅವರು ಮನೆಗೆ ಹೋಗಲು ಒಂದೂವರೆ ತಿಂಗಳು ಹಿಡಿಯಿತು. ಈಗ ಪಲ್ಸ್ 120 ದಾಟಿದರೆ ಯೋಚಿಸುತ್ತಾ ಕೂರುವುದಿಲ್ಲ, ಸೀದಾ ಸ್ಕ್ಯಾನ್.

ಹಾಗಿದ್ದರೂ ಯಾಕೆ ಮಾಡುತ್ತೇನೆ? 130 ಕೆಜಿ ಇದ್ದವರು ಒಂದೂವರೆ ವರ್ಷದಲ್ಲಿ ನೂರರ ಒಳಗೆ ಬಂದು ಮೆಟ್ಟಿಲು ಹತ್ತಿಕೊಂಡೇ ಓಪಿಡಿಗೆ ಬರುತ್ತಾರೆ. ಎಷ್ಟೋ ಜನರಿಗೆ ಕೆಲವೇ ವಾರದಲ್ಲಿ ಇನ್ಸುಲಿನ್ ಇಳಿಸಬೇಕಾಗುತ್ತದೆ. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಸಾಮಾನ್ಯವಾಗಿ ವಾಪಸ್ ಬರುತ್ತದೆ. ಎದೆಯುರಿ ಮಾತ್ರ ಕೆಲವರಿಗೆ ಹೊಸದಾಗಿ ಅಂಟಿಕೊಳ್ಳುತ್ತದೆ. ಮೊದಲೇ ಅದು ಜೋರಾಗಿದ್ದವರಿಗೆ ಬೈಪಾಸ್ ಮಾಡಿಸಿ ಅನ್ನುತ್ತೇನೆ; ಹೃದಯದ್ದಲ್ಲ, ಜಠರದ ಮೇಲ್ಭಾಗದ ಪುಟ್ಟ ಚೀಲವನ್ನು ಸೀದಾ ಕರುಳಿಗೆ ಜೋಡಿಸುವ ಇನ್ನೊಂದು ಬೊಜ್ಜಿನ ಆಪರೇಷನ್.

ಇನ್ನೊಬ್ಬರು ಮಂಡ್ಯ ಕಡೆಯವರು. ಐದನೇ ವಾರ ಆಸೆ ತಡೆಯದೆ ಮುದ್ದೆ ಉಂಡರು. ಚೆನ್ನಾಗಿ ಅಗಿದು ತಿನ್ನಿ ಅಂತ ಹೇಳಿದ್ದೆ, ಆದರೆ ಮುದ್ದೆಯನ್ನು ಯಾರು ಅಗಿಯುತ್ತಾರೆ! ವಾಂತಿ ಶುರುವಾಯಿತು. ಸರಿಹೋಗುತ್ತೆ ಅಂತ ಎರಡು ವಾರ ಸುಮ್ನೆ ಇದ್ದರು. ವಿಟಮಿನ್ ಮಾತ್ರೆಯೂ ಒಳಗೆ ನಿಲ್ಲಲಿಲ್ಲ. ಬರುವಷ್ಟರಲ್ಲಿ ಪಾದ ಜೋಮು ಹಿಡಿದಿತ್ತು, ನಡಿಗೆ ತೂರಾಡುತ್ತಿತ್ತು. ಮೈಯಲ್ಲಿ ವಿಟಮಿನ್ ಬಿ1, ಅಂದರೆ ಥಯಮಿನ್, ಖಾಲಿ. ಗ್ಲೂಕೋಸ್ ಏರಿಸುವ ಮುಂಚೆ ಅದನ್ನೇ ಕೊಟ್ಟೆವು. ಬರೀ ಗ್ಲೂಕೋಸ್ ಹಾಕಿದ್ದರೆ ಮೆದುಳಿಗೇ ಪೆಟ್ಟು ಬೀಳಬಹುದಿತ್ತು.

ಈಗ ಡಿಸ್ಚಾರ್ಜ್ ದಿನ ಬೇಳೆಕಟ್ಟು, ಮಜ್ಜಿಗೆ, ಮಾತ್ರೆ ಎಲ್ಲ ವಿವರಿಸಿದ ಮೇಲೆ ಮನೆಯವರನ್ನೂ ಕರೆದು ಕೇಳುತ್ತೇನೆ: "ನಿಮ್ಮಲ್ಲಿ ರಾತ್ರಿಗೆ ಮುದ್ದೆಯಾ, ಅನ್ನವಾ?"