ಒಣ ಮಣ್ಣಿಗೆ ನೀರು ಬಿಟ್ಟು ಮಾಡಿದ ಕೆಜಿಎಫ್ ದಿಬ್ಬ

ಪೂರ್ತಿ ಒಣಗಿದ, ಇನ್ನೂ ಸುಡದ ಮಣ್ಣಿನ ದಿಬ್ಬದ ಮೇಲೆ ನೀರು ಬಿಡ್ತೀನಿ ಅಂದಾಗ ಕುಂಬಾರಿಕೆ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ಬಿರುಕು ಬಿಡುತ್ತೆ, ಇಲ್ಲಾ ಕುಸಿಯುತ್ತೆ ಅಂದರು. ಸುಳ್ಳು ಯಾಕೆ ಹೇಳಲಿ, ಎರಡೂ ಆಯಿತು. ಆದರೆ ಹನ್ನೆರಡನೆಯ ದಿಬ್ಬ ನಿಂತಿತು.

ಮಣ್ಣಲ್ಲಿ ನನಗೆ ಮಾಡಬೇಕಿದ್ದದ್ದು ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ, ಸೈನೈಡ್ ದಿಬ್ಬದ ಮಾದರಿ. ತಲೆ ಚಪ್ಪಟೆ, ಮೈ ತುಂಬಾ ಮಳೆ ಕೊರೆದ ಕೊರಕಲು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿದ ಗಣಿ ಮುಚ್ಚಿದ್ದು 2001ರಲ್ಲಿ. ಅಷ್ಟು ವರ್ಷ ಬಂಡೆ ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಬ್ರಿಟಿಷರ ಕಾಲದಲ್ಲಿ ಚಿನ್ನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಪುಡಿ ಇಲ್ಲೇ ಉಳಿದು, ಜೋರು ಗಾಳಿ ಬಂದರೆ ಈಗಲೂ ಮನೆಗಳೊಳಗೆ ನುಗ್ಗುತ್ತೆ.

ಆ ಪುಡಿಯನ್ನೇ ಮಣ್ಣಿಗೆ ಬೆರೆಸು ಅಂದವರು ಬಹಳ ಜನ. ಸೈನೈಡ್ ಕುಡಿದ ಪುಡಿಯನ್ನು ಕಿಲ್ನ್‌ಗೆ (ಮಣ್ಣು ಸುಡುವ ಗೂಡಿಗೆ) ಹಾಕಿ ಅದರ ಹೊಗೆ ಕುಡಿಯೋ ಧೈರ್ಯ ನನಗಿಲ್ಲಪ್ಪ. ಹೆಚ್ಚು ಶಾಖಕ್ಕೆ ಸುಡುವ ಮಾಮೂಲಿ ಸ್ಟೋನ್‌ವೇರ್ ಮಣ್ಣನ್ನೇ ಹಿಡಿದೆ.

ಮೊದಲು ತಂತಿ ಟೂಲಿನಲ್ಲಿ ಕೊರೆದೆ. ಗೀರಿದ್ದು ಗೀರಿದ ಹಾಗೇ ಕಂಡಿತು. ಆಮೇಲೆ ಸ್ಪ್ರೇ ಬಾಟಲಿ. ಮೈಯೆಲ್ಲಾ ಸೋಪು ಸವೆದ ಹಾಗೆ ನುಣುಪಾಯಿತು. ಕೊನೆಗೆ ಮೆಡಿಕಲ್ ಸ್ಟೋರಿನಿಂದ ಗ್ಲೂಕೋಸ್ ಹಾಕುವ ಪೈಪ್ ಸೆಟ್ ತಂದು, ಕ್ಯಾನಿಗೆ ಸಿಗಿಸಿ ಹನಿ ಬಿಟ್ಟೆ. ನಿಮಿಷಕ್ಕೆ ಸುಮಾರು 40 ಹನಿ, ಜಾಸ್ತಿ ಬೇಡ. ಅರ್ಧ ಗಂಟೆಗೆ ನುಣ್ಣನೆ ಮಣ್ಣೆಲ್ಲಾ ಜಾರಿ ಬುಡದಲ್ಲಿ ಬೀಸಣಿಗೆ ಥರ ಹರಡಿತು. ಮಣ್ಣಲ್ಲಿ ಬೆರೆತಿದ್ದ ಗ್ರಾಗ್, ಅಂದರೆ ಮೊದಲೇ ಸುಟ್ಟು ಪುಡಿ ಮಾಡಿದ ಮಣ್ಣಿನ ಹರಳು ಮಾತ್ರ, ಮೈ ಮೇಲೆ ತರಿತರಿಯಾಗಿ ನಿಂತಿತು. ದಿಬ್ಬದ ಬುಡದಲ್ಲಿ ಮಳೆಗಾಲ ಮುಗಿದ ಮೇಲೆ ನೋಡಿ, ಥೇಟ್ ಹೀಗೇ ಇರುತ್ತೆ.

ಬಿರುಕಿಗೆ ಮದ್ದು ಗ್ರಾಗ್. ನೂರಕ್ಕೆ 20 ಇದ್ದದ್ದನ್ನು 35ರ ಹತ್ತಿರಕ್ಕೆ ಏರಿಸಿದೆ, ಜೊತೆಗೆ ಒಂದಿಷ್ಟು ಪೇಪರ್ ಪಲ್ಪ್. ಗೋಡೆ ಬೆರಳು ದಪ್ಪ ದಾಟಬಾರದು. ನೀರಿಗೂ ಒಂದು ಬೆರೆಸ್ತೀನಿ. ಅದೊಂದು ನನ್ನ ಹತ್ತಿರವೇ ಇರಲಿ ಬಿಡಿ.

ಮಧ್ಯೆ ಒಂದು ಹುಚ್ಚು ಹತ್ತಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ, ಕೆಳಗಿಳಿಯುವ ಆ ಶಾಫ್ಟನ್ನೂ (ಗಣಿಯ ನೇರ ಗುಂಡಿಯನ್ನೂ) ದಿಬ್ಬವನ್ನು ಕುಗ್ಗಿಸಿದ ಅಳತೆಗೇ ಮಾಡೋಣ ಅಂತ. ಲೆಕ್ಕ ಹಾಕಿದರೆ ಮೊಳದುದ್ದದ ದಿಬ್ಬಕ್ಕೆ ಬಾವಿಯಷ್ಟು ಉದ್ದದ ಕೊಳವೆ ಬೇಕು! ಬೇರೆ ಬೇರೆ ತುಂಡು ಸುಟ್ಟು ಜೋಡಿಸೋಣ ಅಂದುಕೊಂಡೆ. ಏಳರಲ್ಲಿ ಐದು ಬಾಳೆಕಾಯಿ ಥರ ಬಾಗಿದವು. ಬಿಳಿ ಕಲ್ಲಿನ ಚೂರು ಸೇರಿಸಿದ ತುಂಡಂತೂ ಕಿಲ್ನ್‌ನಲ್ಲೇ ಸಿಡಿದು ಪಕ್ಕದ ಎರಡು ದಿಬ್ಬಗಳನ್ನೂ ಹಾಳು ಮಾಡಿತು. ಆ ಬಿಳಿ ಕಲ್ಲು ಕ್ವಾರ್ಟ್ಜ್, 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಟಕ್ಕನೆ ಹಿಗ್ಗುತ್ತೆ ಅಂತ ಗೊತ್ತಿದ್ದೂ ಹಾಕಿದೆ, ನನ್ನದೇ ತಪ್ಪು.

ಗ್ಯಾಸು, ಮಣ್ಣು, ಕಿಲ್ನ್ ಒಳಗೆ ಒಡೆದ ಶೆಲ್ಫು ಎಲ್ಲಾ ಸೇರಿ 40 ಸಾವಿರದ ಹತ್ತಿರ ಕೈ ಬಿಟ್ಟಿತು. ಒಂದು ದಿಬ್ಬ 22 ಸಾವಿರಕ್ಕೆ ಹೋಯಿತು. ತಗೊಂಡವರು ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಹಾಕಿದ್ದು ಇನ್ನೊಂದು ಬೇಕು ಅಂದರು. ಹಾಕಿ ನೋಡಿದೆ. ಬೇಕರಿ ಕೇಕಿನ ಹಾಗೆ ಕಂಡಿತು, ಕೊಡಲಿಲ್ಲ.