ದ್ವೀಪದ ಕಡೆಗೆ ಚಂಡಮಾರುತ ಬರುವಾಗ ಹವಾಮಾನ ಪ್ರಕಟಣೆಯನ್ನು ಓದುವುದು ಹೇಗೆ?

ಲಕ್ಷದ್ವೀಪದ ಮೂವತ್ತಾರು ದ್ವೀಪಗಳ ನೆಲವನ್ನೆಲ್ಲ ಒಟ್ಟುಗೂಡಿಸಿದರೂ ಸುಮಾರು 32 ಚದರ ಕಿಲೋಮೀಟರ್ ಮಾತ್ರ ಆಗುತ್ತದೆ, ಅದರಲ್ಲಿಯೂ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್‌ಗಳಷ್ಟು ಎತ್ತರದಲ್ಲಿದೆ. ಒಡಿಶಾದಲ್ಲೋ ಆಂಧ್ರದಲ್ಲೋ ಚಂಡಮಾರುತ ಬರುತ್ತದೆಂದರೆ ಜನರನ್ನು ಕಡಲಿನಿಂದ ದೂರಕ್ಕೆ, ಒಳನಾಡಿಗೆ ಸಾಗಿಸಬಹುದು. ಮಿನಿಕಾಯ್‌ಗಾಗಲಿ ಅಮಿನಿಗಾಗಲಿ ಒಳನಾಡೇ ಇಲ್ಲ. ಅಲ್ಲಿ ಕೈಯಲ್ಲಿರುವುದು ಸಮಯವೊಂದೇ, ಮತ್ತು ಆ ಸಮಯ ಎಷ್ಟು ಉಳಿದಿದೆ ಎಂಬುದು ಹವಾಮಾನ ಇಲಾಖೆಯ ಪ್ರಕಟಣೆಯನ್ನು ಸರಿಯಾಗಿ ಓದಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳಲ್ಲಿ ದ್ವೀಪಗಳಿಗೆ ಸರಕು ಕಳುಹಿಸುವವರು, ಆಳಸಮುದ್ರಕ್ಕೆ ಇಳಿಯುವ ಮಲ್ಪೆಯ ಮೀನುಗಾರರು, ಪ್ರವಾಸಕ್ಕೆಂದು ಅಗತ್ತಿಗೋ ಕವರತ್ತಿಗೋ ಹೊರಟವರು ಎಲ್ಲರಿಗೂ ಈ ಓದು ಬೇಕು.

ಮೊದಲು ನೋಡಬೇಕಾದದ್ದು ಪ್ರಕಟಣೆಯ ಹೊತ್ತು. ಭಾರತೀಯ ಹವಾಮಾನ ಇಲಾಖೆ ವಾಯುಭಾರ ಕುಸಿತವು ಚಂಡಮಾರುತವಾಗಿ ಬಲಿತ ಮೇಲೆ ಮೂರು ಗಂಟೆಗೊಮ್ಮೆ ಹೊಸ ಪ್ರಕಟಣೆ ಹೊರಡಿಸುತ್ತದೆ. ಬೆಳಗಿನ 8.30ರ ಸ್ಥಿತಿಯನ್ನು ಹೇಳುವ ಪ್ರಕಟಣೆ ನಿಮ್ಮ ಮೊಬೈಲಿಗೆ ಹನ್ನೊಂದು ಗಂಟೆಗೆ ತಲುಪಿದರೆ, ಅಷ್ಟರಲ್ಲಿ ಚಂಡಮಾರುತ ಮೂವತ್ತು ನಲವತ್ತು ಕಿಲೋಮೀಟರ್ ಮುಂದೆ ಸಾಗಿರಬಹುದು. ಹಿಂದಿನ ದಿನದ ನಕ್ಷೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಹಂಚುವುದು ಇದೇ ಕಾರಣಕ್ಕೆ ಅಪಾಯಕಾರಿ.

ಆಮೇಲೆ ತೀವ್ರತೆಯ ಹೆಸರು. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಅದು ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ತಲುಪಿದರೆ ಚಂಡಮಾರುತ. 89ರಿಂದ ತೀವ್ರ ಚಂಡಮಾರುತ, 118ರಿಂದ ಅತಿ ತೀವ್ರ ಚಂಡಮಾರುತ ಎನ್ನುತ್ತಾರೆ. ಇವು ಮೂರು ನಿಮಿಷಗಳ ಸರಾಸರಿ ವೇಗಗಳು; ನಡುನಡುವೆ ನುಗ್ಗುವ ಬೀಸು ಇದಕ್ಕಿಂತ ಹೆಚ್ಚಿರುತ್ತದೆ, ತೆಂಗಿನ ಮರವನ್ನು ಉರುಳಿಸುವುದೂ ಮಾಡಿನ ತಗಡನ್ನು ಕೀಳುವುದೂ ಆ ಬೀಸೇ. ಚಂಡಮಾರುತವೆಂಬ ಹೆಸರು ಬಂದಿಲ್ಲವೆಂದರೆ ಭಯವಿಲ್ಲ ಎಂದುಕೊಳ್ಳುವುದು ದ್ವೀಪದ ಮಟ್ಟಿಗೆ ದೊಡ್ಡ ತಪ್ಪು. 2017ರ ನವೆಂಬರ್ 29ರಂದು ಶ್ರೀಲಂಕಾದ ಆಗ್ನೇಯ ಕರಾವಳಿಯಾಚೆ ಬರೀ ವಾಯುಭಾರ ಕುಸಿತವಾಗಿದ್ದದ್ದು 30ರಂದು ಓಖಿ ಚಂಡಮಾರುತವಾಯಿತು, ಡಿಸೆಂಬರ್ 1ರಂದು ಲಕ್ಷದ್ವೀಪದ ಸಮೀಪದಲ್ಲಿ ಅತಿ ತೀವ್ರ ಚಂಡಮಾರುತವಾಯಿತು. 2021ರ ಮೇ ತಿಂಗಳ ತೌಕ್ತೆಯಂತೂ ಲಕ್ಷದ್ವೀಪದ ಸುತ್ತಲಿನ ನೀರಿನಲ್ಲಿಯೇ ಹುಟ್ಟಿ ಬೆಳೆಯಿತು. 72 ಗಂಟೆ ಮೊದಲಿನ ಮುನ್ಸೂಚನೆ, 48 ಗಂಟೆ ಮೊದಲಿನ ಹಳದಿ ಎಚ್ಚರಿಕೆ, 24 ಗಂಟೆ ಮೊದಲಿನ ಕಿತ್ತಳೆ ಎಚ್ಚರಿಕೆ ಎಂಬ ಕ್ರಮವು ದೂರದ ಕಡಲಿನಲ್ಲಿ ಹುಟ್ಟಿ ಕರಾವಳಿಗೆ ಬರುವ ಚಂಡಮಾರುತಕ್ಕೆ ಚೆನ್ನಾಗಿ ಹೊಂದುತ್ತದೆ. ಮಗ್ಗುಲಲ್ಲೇ ಹುಟ್ಟುವುದಕ್ಕೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಆದ್ದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಆಗ್ನೇಯ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಎಂಬ ಮಾತು ಬಂದ ದಿನವೇ ಸಿದ್ಧತೆ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿಯ ಅಂಚು ಮುಟ್ಟುವ ಹೊತ್ತನ್ನು ಲೆಕ್ಕ ಹಾಕಿ

ಪ್ರಕಟಣೆಯಲ್ಲಿ ಕೇಂದ್ರದ ಸ್ಥಾನವನ್ನು ಅಕ್ಷಾಂಶ ರೇಖಾಂಶಗಳಲ್ಲಿ ಹೇಳಿ, ಅದು ಅಮಿನಿಯಿಂದಲೋ ಮಿನಿಕಾಯ್‌ನಿಂದಲೋ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕಿನಲ್ಲಿದೆ, ಎತ್ತ ಕಡೆಗೆ ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂಬುದನ್ನು ಕೊಡುತ್ತಾರೆ. ಹೆಚ್ಚಿನವರು ದೂರವನ್ನು ವೇಗದಿಂದ ಭಾಗಿಸಿ ಸುಮ್ಮನಾಗುತ್ತಾರೆ. ಒಂದು ಉದಾಹರಣೆ ನೋಡೋಣ. ಕೇಂದ್ರ ನಿಮ್ಮ ದ್ವೀಪದಿಂದ 330 ಕಿಲೋಮೀಟರ್ ದೂರವಿದ್ದು, ಗಂಟೆಗೆ 15 ಕಿಲೋಮೀಟರಿನಂತೆ ನೇರ ನಿಮ್ಮ ಕಡೆಗೇ ಬರುತ್ತಿದೆ ಎಂದಿಟ್ಟುಕೊಳ್ಳಿ. ಕೇಂದ್ರ ತಲುಪಲು 22 ಗಂಟೆ ಬೇಕು. ಆದರೆ ದೋಣಿಯನ್ನು ದಡಕ್ಕೆ ಎಳೆಯಲಾಗದ, ಮಾಡಿನ ಮೇಲೆ ಹತ್ತಲಾಗದ ಬಿರುಗಾಳಿ ಕೇಂದ್ರದಿಂದ 210 ಕಿಲೋಮೀಟರ್ ದೂರದವರೆಗೂ ಹರಡಿದ್ದರೆ, ಅದರ ಅಂಚು ನಿಮ್ಮನ್ನು ಮುಟ್ಟಲು ಉಳಿದಿರುವುದು ಎಂಟೇ ಗಂಟೆ. ಕೆಲಸ ಮುಗಿಸಲು ನಿಮಗಿರುವ ನಿಜವಾದ ಸಮಯ ಆ ಎಂಟು ಗಂಟೆ. ಅದರೊಳಗೆ ಕತ್ತಲಾಗುವುದಾದರೆ ಇನ್ನೂ ಕಡಿಮೆ.

ಈ ಗಾಳಿಯ ಹರವನ್ನು ಇಲಾಖೆಯ ವಿವರವಾದ ಪ್ರಕಟಣೆಯಲ್ಲಿ ನಾಲ್ಕು ದಿಕ್ಕುಗಳಿಗೆ ಬೇರೆ ಬೇರೆಯಾಗಿ, 28, 34, 50 ಮತ್ತು 64 ನಾಟ್ ವೇಗದ ಗಾಳಿ ಎಲ್ಲಿಯವರೆಗೆ ಇದೆ ಎಂದು ನಾಟಿಕಲ್ ಮೈಲುಗಳಲ್ಲಿ ಕೊಟ್ಟಿರುತ್ತಾರೆ. ನಾಟಿಕಲ್ ಮೈಲನ್ನು 1.85ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಸಾಮಾನ್ಯರಿಗೆ 28 ನಾಟ್‌ನ, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್ ವೇಗದ ಗೆರೆಯನ್ನು ಹಿಡಿದು ಲೆಕ್ಕ ಹಾಕುವುದೇ ಕ್ಷೇಮ. ನಕ್ಷೆಯಲ್ಲಿ ಮುಂದಕ್ಕೆ ಹೋದಂತೆ ಅಗಲವಾಗುವ ಶಂಕುವಿನಾಕಾರವು ಕೇಂದ್ರ ಹಾದುಹೋಗಬಹುದಾದ ಜಾಗವನ್ನಷ್ಟೇ ತೋರಿಸುತ್ತದೆ. ಗಾಳಿಮಳೆಗಳ ವ್ಯಾಪ್ತಿಯನ್ನು ಅದು ಹೇಳುವುದಿಲ್ಲ. ಶಂಕುವಿನ ಹೊರಗಿರುವ ದ್ವೀಪಕ್ಕೂ ಪೆಟ್ಟು ಬೀಳಬಹುದು.

ಯಾವ ಮಗ್ಗುಲು ಎಂಬುದೂ ಮುಖ್ಯ. ನಮ್ಮ ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುವುದರಿಂದ, ಅದು ಸಾಗುವ ದಿಕ್ಕಿಗೆ ಮುಖಮಾಡಿ ನಿಂತರೆ ಬಲಗಡೆಯಲ್ಲಿ ಸುತ್ತುವ ವೇಗದ ಜೊತೆಗೆ ಸಾಗುವ ವೇಗವೂ ಕೂಡಿಕೊಂಡು ಗಾಳಿ ಹೆಚ್ಚು ಬಿರುಸಾಗಿರುತ್ತದೆ. ಲಕ್ಷದ್ವೀಪದಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಅಲ್ಲಿನ ಬಹುತೇಕ ಜನವಸತಿ ದ್ವೀಪಗಳು ಹವಳದ ಬಳೆಯ ಪೂರ್ವದ ಅಂಚಿನಲ್ಲಿವೆ; ಪಶ್ಚಿಮಕ್ಕೆ ಲಗೂನ್, ಅಂದರೆ ಆಳವಿಲ್ಲದ ಶಾಂತ ನೀರಿನ ಹರವು ಇದ್ದು, ಅದರಾಚೆಯ ಹವಳದ ದಿಬ್ಬ ಅಲೆಗಳನ್ನು ಮುರಿಯುತ್ತದೆ. ಪೂರ್ವದ ದಡದ ಮುಂದೆ ಅಂಥ ಅಗಲವಾದ ರಕ್ಷಣೆ ಇಲ್ಲ. ಹೀಗಾಗಿ ಗಾಳಿ ಪೂರ್ವದಿಂದಲೋ ಆಗ್ನೇಯದಿಂದಲೋ ಬೀಸುವ ಹೊತ್ತಿನಲ್ಲಿ ಆ ದಡದ ಮನೆಗಳನ್ನು ಮೊದಲು ತೆರವು ಮಾಡಬೇಕು. 1847ರ ಚಂಡಮಾರುತದ ಅಲೆಗಳು ಎತ್ತಿ ಹಾಕಿದ ಹವಳದ ಕಲ್ಲುಗಳ ರಾಶಿಯನ್ನು ಕಲ್ಪೇನಿಯ ಪೂರ್ವ ಮತ್ತು ಆಗ್ನೇಯ ದಡದಲ್ಲಿ ಗುರುತಿಸುತ್ತಾರೆ. ಆ್ಯಂಡ್ರೋತ್‌ ಮಾತ್ರ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿಕೊಂಡಿದ್ದು, ಹೇಳಿಕೊಳ್ಳುವಂಥ ಲಗೂನ್ ಅದಕ್ಕಿಲ್ಲ. ಅಲೆಯ ಎತ್ತರದ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರತ್ಯೇಕವಾಗಿ ಕೊಡುತ್ತದೆ, ಅದನ್ನು ಗಾಳಿಯ ಪ್ರಕಟಣೆಯ ಜೊತೆಗಿಟ್ಟು ಓದಬೇಕು.

ಸಂಪರ್ಕ ಕಡಿದಾಗ

ಮೊಬೈಲ್ ಸಂಪರ್ಕ ಹೋದ ಮೇಲೆ ಹಳೆಯ ನಾವಿಕರ ಎರಡು ಉಪಾಯಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಒಂದು, ವಾಯುಭಾರಮಾಪಕ. ಈ ಕಡಲಿನಲ್ಲಿ ಒತ್ತಡ ದಿನಕ್ಕೆರಡು ಬಾರಿ, ಬೆಳಗ್ಗೆ ಮತ್ತು ರಾತ್ರಿ ಸುಮಾರು ಹತ್ತರ ಹೊತ್ತಿಗೆ ಏರಿ, ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಈ ಏರಿಳಿತ ಸಹಜ. ಅದನ್ನು ಬಿಟ್ಟು, ಆ ಕಾಲದ ಸರಾಸರಿಗಿಂತ 3 ಹೆಕ್ಟೋಪಾಸ್ಕಲ್ ಕಡಿಮೆ ಕಂಡರೆ ಅನುಮಾನಿಸಬೇಕು, 5 ಕಡಿಮೆಯಾದರೆ ಚಂಡಮಾರುತ ಹತ್ತಿರದಲ್ಲಿದೆ ಎಂದೇ ತಿಳಿಯಬೇಕು.

ಇನ್ನೊಂದು, ಗಾಳಿಯ ದಿಕ್ಕು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೇಂದ್ರ ನಿಮ್ಮ ಎಡಗಡೆಗೆ, ತುಸು ಮುಂದಕ್ಕೆ ಇರುತ್ತದೆ. ಗಂಟೆಗೊಮ್ಮೆ ದಿಕ್ಕನ್ನು ಬರೆದಿಟ್ಟುಕೊಳ್ಳಿ. ಗಾಳಿ ಬೀಸಿಬರುವ ದಿಕ್ಕು ಆಗ್ನೇಯದಿಂದ ದಕ್ಷಿಣಕ್ಕೆ, ಅಲ್ಲಿಂದ ನೈರುತ್ಯಕ್ಕೆ, ಹೀಗೆ ಪ್ರದಕ್ಷಿಣೆಯಾಗಿ ತಿರುಗಿದರೆ ನೀವು ಚಂಡಮಾರುತದ ಬಲ ಮಗ್ಗುಲಲ್ಲಿದ್ದೀರಿ. ಈಶಾನ್ಯದಿಂದ ಉತ್ತರಕ್ಕೆ, ವಾಯವ್ಯಕ್ಕೆ ತಿರುಗಿದರೆ ಎಡ ಮಗ್ಗುಲಲ್ಲಿ. ದಿಕ್ಕು ಬದಲಾಗದೆ ಗಾಳಿ ಮಾತ್ರ ಬಲವಾಗುತ್ತ, ಒತ್ತಡ ಇಳಿಯುತ್ತ ಹೋದರೆ ಅದು ನೇರವಾಗಿ ನಿಮ್ಮ ಮೇಲೆಯೇ ಬರುತ್ತಿದೆ. ಹಾಗೆ ಬಂದಾಗ ನಡುವೆ ಗಾಳಿ ಒಮ್ಮೆಲೇ ನಿಂತು ಆಕಾಶ ತಿಳಿಯಾಗಬಹುದು. ಅದು ಚಂಡಮಾರುತದ ಕಣ್ಣು. ಯಾರೂ ಹೊರಗೆ ಬರಕೂಡದು. ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಅಷ್ಟೇ ಬಿರುಸಾದ ಗಾಳಿ ನುಗ್ಗುತ್ತದೆ, ಮೊದಲ ಗಾಳಿಗೆ ಮರೆಯಾಗಿದ್ದ ಗೋಡೆ ಈಗ ಅದರ ಪೆಟ್ಟಿಗೆ ಸಿಗುತ್ತದೆ.

ಮುಂಚಿತವಾಗಿ ಮಾಡಬೇಕಾದ ಕೆಲಸಗಳಲ್ಲಿ ದೋಣಿ ಎಳೆದು ಕಟ್ಟುವುದು, ಮಾಡು ಬಿಗಿಯುವುದು, ಔಷಧಿ, ಬ್ಯಾಟರಿ ರೇಡಿಯೊ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿರುವಂಥವೇ. ಮರೆತುಹೋಗುವುದು ಕುಡಿಯುವ ನೀರು. ಹವಳದ್ವೀಪದ ಬಾವಿಯಲ್ಲಿರುವುದು ಮರಳಿನೊಳಗೆ ಇಂಗಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುವ ಮಳೆನೀರು. ಅಲೆ ದಡ ಹತ್ತಿ ಬಾವಿಗೆ ಇಳಿದರೆ ಅದು ಕೆಡುತ್ತದೆ. ಆದ್ದರಿಂದ ಗಾಳಿಯ ಅಂಚು ಮುಟ್ಟುವ ಮೊದಲೇ ಮುಚ್ಚಳವಿರುವ ಪಾತ್ರೆ, ಟ್ಯಾಂಕುಗಳಲ್ಲಿ ನೀರು ತುಂಬಿಸಿ ಬಾವಿಯ ಬಾಯಿಯನ್ನು ಮುಚ್ಚಬೇಕು. ಚಂಡಮಾರುತ ದಾಟಿದ ಬಳಿಕ ಉಪ್ಪಾದ ಬಾವಿಯನ್ನು ಪಂಪು ಹಾಕಿ ಒಂದೇ ಸಮನೆ ಬರಿದು ಮಾಡಲು ಹೋಗಬಾರದು; ಮೇಲಿನ ಸಿಹಿನೀರು ಹೋದಷ್ಟೂ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಸ್ವಲ್ಪ ಸ್ವಲ್ಪವಾಗಿ ತೆಗೆದು, ಮಳೆನೀರು ಇಂಗಿ ಮತ್ತೆ ಸಿಹಿಯಾಗುವವರೆಗೆ ಕಾಯಬೇಕು, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ ಮೇಲಷ್ಟೇ ಕುಡಿಯಬೇಕು. ಗಾಳಿ ನಿಂತ ಮೇಲೂ ದೂರದಿಂದ ಬರುವ ಉಬ್ಬಲೆಗಳು ಉಳಿದಿರಬಹುದಾದ್ದರಿಂದ, ಮೀನುಗಾರರಿಗೆ ಕೊಟ್ಟ ಎಚ್ಚರಿಕೆಯನ್ನು ಹವಾಮಾನ ಇಲಾಖೆ ಹಿಂತೆಗೆದುಕೊಳ್ಳುವವರೆಗೆ ದೋಣಿಯನ್ನು ಹವಳದ ದಿಬ್ಬದಾಚೆಗೆ ಒಯ್ಯಬಾರದು.