ಸಾವಿನ ಕಾರಣ ಪ್ರಮಾಣಪತ್ರಕ್ಕೆ ಇಳಿಯುವುದು ಹೇಗೆ?

ಅಮೆರಿಕದಲ್ಲಿ ಕಾಯಿಲೆಯಿಂದ ನರಳಿ ತೀರಿಕೊಂಡವರ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ಸಾಮಾನ್ಯವಾಗಿ ಚಿಕಿತ್ಸೆ ನೀಡುತ್ತಿದ್ದ ವೈದ್ಯರೇ ಬರೆಯುತ್ತಾರೆ. ಹಠಾತ್ ಸಾವು, ಅಪಘಾತ, ಆತ್ಮಹತ್ಯೆ, ಕೊಲೆಯ ಶಂಕೆ, ಪೊಲೀಸ್ ವಶದಲ್ಲಾದ ಸಾವು ಇಂಥವು ಮಾತ್ರ ಸಾವಿನ ಕಾರಣವನ್ನು ತನಿಖೆ ಮಾಡುವ ಮೆಡಿಕಲ್ ಎಕ್ಸಾಮಿನರ್ ಎಂಬ ವೈದ್ಯರ ಅಥವಾ ಕರೋನರ್ ಎಂಬ ಅಧಿಕಾರಿಯ ಕಚೇರಿಗೆ ಹೋಗುತ್ತವೆ. ಕರೋನರ್ ಬಹುಮಟ್ಟಿಗೆ ಚುನಾಯಿತ ಅಧಿಕಾರಿ. ಅನೇಕ ಕಡೆ ಅವರು ವೈದ್ಯರಾಗಿರಲೇಬೇಕೆಂಬ ನಿಯಮವೂ ಇಲ್ಲ. ಈ ಕೊರತೆಯನ್ನು ಮನಗಂಡ ಮ್ಯಾಸಚೂಸೆಟ್ಸ್ 1877ರಲ್ಲಿ ಆ ಸ್ಥಾನಕ್ಕೆ ವೈದ್ಯರನ್ನು ತಂದಿತು. ನ್ಯೂಯಾರ್ಕ್ ನಗರ 1918ರಲ್ಲಿ ಅದೇ ದಾರಿ ಹಿಡಿಯಿತು. ಇಂದಿಗೂ ಪದ್ಧತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ.

ಸಾವಿನ ಸುದ್ದಿ ಬಂದೊಡನೆ, ಪ್ರಕರಣ ತಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಕಚೇರಿಯವರು ತೀರ್ಮಾನಿಸುತ್ತಾರೆ. ಬರುವುದಾದರೆ ತನಿಖಾಧಿಕಾರಿಯೊಬ್ಬರು ಸ್ಥಳಕ್ಕೆ ಹೋಗಿ, ದೇಹವನ್ನು ಅಲುಗಿಸುವ ಮೊದಲೇ ಛಾಯಾಚಿತ್ರ ತೆಗೆದು, ಔಷಧಿಗಳನ್ನು ಪಟ್ಟಿಮಾಡಿ, ಮೃತರನ್ನು ಕೊನೆಯದಾಗಿ ಕಂಡವರನ್ನು ಮಾತನಾಡಿಸುತ್ತಾರೆ. ದೇಹದ ತಾಪ, ಸ್ನಾಯುಗಳ ಬಿಗಿತ ಹಾಗೂ ರಕ್ತವು ತಳಭಾಗಕ್ಕೆ ಇಳಿದು ಚರ್ಮದ ಮೇಲೆ ಮೂಡಿಸಿದ ಕೆನ್ನೀಲಿ ಛಾಯೆಯನ್ನು ದಾಖಲಿಸುತ್ತಾರೆ. ಅಂಗಾತ ಬಿದ್ದಿರುವ ದೇಹದ ಎದೆಯ ಮೇಲೆ ಆ ಛಾಯೆ ಗಟ್ಟಿಯಾಗಿ ನಿಂತಿದ್ದರೆ, ಸಾವಿನ ನಂತರ ಯಾರೋ ದೇಹವನ್ನು ಮಗುಚಿದ್ದಾರೆ ಎಂದು ಅನುಮಾನಿಸಬೇಕಾಗುತ್ತದೆ. ಸಾವಿನ ಸಮಯವನ್ನು ಮಾತ್ರ ಈ ಲಕ್ಷಣಗಳಿಂದ ನಿಮಿಷದ ಲೆಕ್ಕದಲ್ಲಿ ಹೇಳಲಾಗದು. ಇಂತಿಷ್ಟು ಗಂಟೆಗಳ ನಡುವೆ ಎನ್ನಬಹುದು, ಅಷ್ಟೆ.

ಗುರುತು ಖಚಿತವಾಗದಿದ್ದರೆ ಬೆರಳಚ್ಚು, ಹಲ್ಲಿನ ದಾಖಲೆ ಅಥವಾ ಡಿಎನ್‌ಎ ನೆರವಿಗೆ ಬರುತ್ತವೆ.

ಬಂದ ದೇಹಗಳನ್ನೆಲ್ಲ ಕೊಯ್ದು ನೋಡುವುದಿಲ್ಲ. ವೈದ್ಯಕೀಯ ದಾಖಲೆ ಮತ್ತು ಬಾಹ್ಯ ಪರೀಕ್ಷೆಗಳಿಂದಲೇ ಎಷ್ಟೋ ಪ್ರಕರಣಗಳು ಇತ್ಯರ್ಥವಾಗುತ್ತವೆ. ಪೂರ್ಣ ಶವಪರೀಕ್ಷೆ ಅಗತ್ಯವಾದಾಗ ಅಂಗಾಂಗಗಳನ್ನು ತೂಗಿ, ಕತ್ತರಿಸಿ ನೋಡಿ, ತುಣುಕುಗಳನ್ನು ಸೂಕ್ಷ್ಮದರ್ಶಕಕ್ಕೆ ಕಳುಹಿಸುತ್ತಾರೆ. ವಿಷ ವಿಶ್ಲೇಷಣೆಗೆ ರಕ್ತವನ್ನು ಆದಷ್ಟೂ ತೊಡೆಯ ರಕ್ತನಾಳದಿಂದಲೇ ತೆಗೆಯುತ್ತಾರೆ. ಏಕೆಂದರೆ ಸಾವಿನ ನಂತರ ಕೆಲವು ಔಷಧಗಳು ಅಂಗಾಂಶಗಳಿಂದ ಹೊರಸೂಸಿ ಹೃದಯದ ರಕ್ತದಲ್ಲಿ ಸೇರುವುದರಿಂದ ಅಲ್ಲಿನ ಪ್ರಮಾಣ ದಾರಿತಪ್ಪಿಸಬಹುದು. ಈ ವರದಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಅಂತ್ಯಕ್ರಿಯೆ ನಿಲ್ಲಬಾರದೆಂದು, ಕಾರಣದ ಜಾಗದಲ್ಲಿ ‘ತನಿಖೆ ಬಾಕಿ’ ಎಂದು ನಮೂದಿಸಿ ಪ್ರಮಾಣಪತ್ರ ಸಲ್ಲಿಸುವುದುಂಟು.

ನಿಜವಾದ ಕಸರತ್ತು ಇರುವುದು ಕಾರಣ ಬರೆಯುವಲ್ಲಿ. ನಮೂನೆಯ ಮೊದಲ ಭಾಗದ ಮೇಲಿನ ಸಾಲಿನಲ್ಲಿ ಸಾವಿಗೆ ತಕ್ಷಣದ ಕಾರಣ, ಅದರ ಕೆಳಗೆ ಅದನ್ನು ಉಂಟುಮಾಡಿದ್ದು, ಅದರ ಕೆಳಗೆ ಅದಕ್ಕೂ ಹಿಂದಿನದು, ಹೀಗೆ ಇಳಿಯುತ್ತ ಹೋಗಿ ಕಟ್ಟಕಡೆಯ ಸಾಲಿನಲ್ಲಿ ಮೂಲ ಕಾರಣ ಬರಬೇಕು. ವೃದ್ಧೆಯೊಬ್ಬರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಹಾಸಿಗೆ ಹಿಡಿದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸಾಗಿ ಮೂರು ವಾರಗಳ ನಂತರ ಸತ್ತರೆನ್ನಿ. ಮೇಲಿನ ಸಾಲಿನಲ್ಲಿ ಶ್ವಾಸಕೋಶದ ರಕ್ತನಾಳದ ತಡೆ ಇರುತ್ತದೆ. ಆದರೆ ಸರಪಳಿಯ ಬುಡದಲ್ಲಿರುವುದು ಆ ಬೀಳುವಿಕೆ. ಹಾಗಾಗಿ ಆಸ್ಪತ್ರೆಯ ಹಾಸಿಗೆಯಲ್ಲೇ ಪ್ರಾಣ ಹೋಗಿದ್ದರೂ ಅದು ಅಪಘಾತದ ಸಾವು. ಬರೀ ‘ಹೃದಯಸ್ತಂಭನ’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ, ಏಕೆಂದರೆ ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಮಧುಮೇಹದಂತಹ ಪೂರಕ ಕಾರಣಗಳಿಗೆ ಎರಡನೆಯ ಭಾಗವಿದೆ.

ಸಾವಿನ ಬಗೆಯನ್ನು ಸಹಜ, ಅಪಘಾತ, ಆತ್ಮಹತ್ಯೆ, ನರಹತ್ಯೆ, ಅನಿರ್ಧರಿತ ಎಂಬ ಐದರಲ್ಲಿ ಒಂದಾಗಿ ಗುರುತಿಸುತ್ತಾರೆ. ನರಹತ್ಯೆ ಎಂದರೆ ಇನ್ನೊಬ್ಬರ ಕೃತ್ಯದಿಂದ ಸಾವಾಯಿತೆಂದಷ್ಟೇ ಅರ್ಥ. ಅಪರಾಧ ನಡೆಯಿತೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ಮೃತರ ಹೆಸರು, ಜನ್ಮದಿನ, ಉದ್ಯೋಗ ಮುಂತಾದ ವಿವರಗಳನ್ನು ಅಂತ್ಯಸಂಸ್ಕಾರ ಸಂಸ್ಥೆಯವರು ಕುಟುಂಬದವರಿಂದ ಪಡೆದು ತುಂಬಿ, ಪ್ರಮಾಣಪತ್ರವನ್ನು ನೋಂದಣಿಗೆ ಸಲ್ಲಿಸುತ್ತಾರೆ. ವಿಮೆ ಅಥವಾ ಆಸ್ತಿ ವರ್ಗಾವಣೆಗೆ ಬೇಕಾದ ದೃಢೀಕೃತ ಪ್ರತಿಗಳು ಸಾಮಾನ್ಯವಾಗಿ ಸಿಗುವುದು ಜನನ ಮರಣ ನೋಂದಣಿ ಕಚೇರಿಯಲ್ಲಿ; ಶವಪರೀಕ್ಷೆಯ ವರದಿ ಬೇರೆಯೇ ದಾಖಲೆ. ಪ್ರಮಾಣಪತ್ರದಲ್ಲಿರುವುದು ವೈದ್ಯರ ಪರಿಣತ ಅಭಿಪ್ರಾಯವಾದ್ದರಿಂದ, ಬಾಕಿಯಿದ್ದ ವರದಿಯೋ ಹೊಸ ಸಾಕ್ಷ್ಯವೋ ದೊರೆತಾಗ ವರ್ಷಗಳ ನಂತರವೂ ಅದನ್ನು ತಿದ್ದಲು ಅವಕಾಶವಿದೆ. ತಕರಾರಿರುವ ಕುಟುಂಬದವರು ಮೊದಲು ಲಿಖಿತ ಮನವಿಯನ್ನು ಕೊಡಬೇಕಾದದ್ದು ಕಾರಣವನ್ನು ಪ್ರಮಾಣೀಕರಿಸಿದ ಆ ಕಚೇರಿಗೇ.